ಯೋಜನೆ ಮುಗಿಯಿತು, ಆಮೇಲೆ?



ನಮ್ಮ ಚಿತ್ರದುರ್ಗ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಹಳ್ಳದ ದಂಡೆಯಲ್ಲೋ, ಶಾಲೆಯ ಗೋಡೆಯ ಮೇಲೋ, ಗೋಕಟ್ಟೆಯ ಏರಿಯಲ್ಲೋ ಒಂದು ಫಲಕ ಕಣ್ಣಿಗೆ ಬೀಳುತ್ತದೆ. ಕಾಮಗಾರಿಯ ಹೆಸರು, ಅಂದಾಜು ಮೊತ್ತ, ವರ್ಷ, ನೆರವು ಕೊಟ್ಟವರ ಹೆಸರು. ಬಿಸಿಲಿಗೆ ಅಕ್ಷರ ಅರ್ಧ ಅಳಿಸಿರುತ್ತದೆ. ಮನೆಮನೆ ತಿರುಗಿ, ಸಭೆ ಕರೆದು, ಜಗಳ ಬಿಡಿಸಿ ಆ ಕೆಲಸ ಮಾಡಿಸಿದವರ ಹೆಸರು ಮಾತ್ರ ಯಾವ ಫಲಕದಲ್ಲೂ ಇರುವುದಿಲ್ಲ. ಅವರೆಲ್ಲ ಈಗ ಎಲ್ಲಿದ್ದಾರೆ? ಅವರಿಗೆ ಗೊತ್ತಿದ್ದ ಊರ ಸಂಗತಿಗಳು ಏನಾದವು? ನೆರವು ಸಂಸ್ಥೆಗಳಲ್ಲಿ ದುಡಿದು ಬಿಟ್ಟವರು ಕೂಡಿ ಒಂದು ಬಳಗ ಕಟ್ಟಿಕೊಂಡು, ಸಂಬಳವಿಲ್ಲದ ಸಂಪಾದಕರನ್ನು ನೇಮಿಸಿಕೊಂಡು, ತಮ್ಮದೇ ಪತ್ರಿಕೆಯೊಂದನ್ನು ನಡೆಸುವುದರ ಬಗ್ಗೆ ಈ ಹೊತ್ತು ನಾಲ್ಕು ಮಾತು ಹೇಳುತ್ತೇನೆ. ಅಂಥ ಬಳಗವೊಂದರಲ್ಲಿ ನಾನೂ ಇದ್ದೇನೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನನ್ನ ವಯಸ್ಸಿನವರಿಗೆ ಹೊರದೇಶದ ನೆರವು ಮೊದಲು ಗೊತ್ತಾದದ್ದು ನಾಲಿಗೆಗೆ. ಶಾಲೆಯಲ್ಲಿ ಮಧ್ಯಾಹ್ನ ಬಡಿಸುತ್ತಿದ್ದ ಗೋಧಿರವೆ ಉಪ್ಪಿಟ್ಟು, ಪುಡಿ ಕದಡಿದ ಹಾಲು. ಅದನ್ನು ತಂದ ಕೇರ್ ಸಂಸ್ಥೆ ಹುಟ್ಟಿದ್ದು 1945ರಲ್ಲಿ, ಯುದ್ಧದಿಂದ ಬಡವಾದ ಯುರೋಪಿಗೆ ಅಮೆರಿಕದಿಂದ ಆಹಾರದ ಪೊಟ್ಟಣ ಕಳಿಸುವುದಕ್ಕೆ. 1954ರಲ್ಲಿ ಅಮೆರಿಕ ತನ್ನ ಹೆಚ್ಚುವರಿ ಧಾನ್ಯವನ್ನು ಹೊರಗೆ ಕಳಿಸಲು ಪಿ.ಎಲ್. 480 ಎಂಬ ಕಾಯಿದೆ ಮಾಡಿತು. ಆ ದಾರಿಯಲ್ಲಿ ಬಂದ ಗೋಧಿ, ಎಣ್ಣೆ, ಹಾಲಿನ ಪುಡಿ ನಮ್ಮ ಹಳ್ಳಿಯ ಶಾಲೆಗಳ ತನಕ ತಲುಪಿದವು. ಎಣ್ಣೆ ಡಬ್ಬದ ಮೇಲೆ ಎರಡು ಕೈ ಕುಲುಕುವ ಚಿತ್ರ ಇರುತ್ತಿತ್ತು.

ಆಮೇಲೆ ಬಂದದ್ದು ಬೋರಿಂಗು. 1966–67ರ ಬಿಹಾರದ ಬರಗಾಲದ ಹೊತ್ತಿಗೆ ಯುನಿಸೆಫ್ ಗಟ್ಟಿ ಬಂಡೆ ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತರಿಸಿತು. ಕೊರೆದದ್ದೇನೋ ಆಯಿತು, ಮೇಲೆ ಕೂರಿಸಿದ ಕೈಪಂಪುಗಳು ವರ್ಷ ತುಂಬುವುದರೊಳಗೆ ಮುರಿದು ಬೀಳುತ್ತಿದ್ದವು. ಒಂದು ಮನೆಯವರು ಬಳಸಲೆಂದು ಮಾಡಿದ ಪಂಪನ್ನು ಇಡೀ ಊರು ಬೆಳಗಿನಿಂದ ಇರುಳ ತನಕ ಒತ್ತಿದರೆ ಇನ್ನೇನಾದೀತು? ಸೊಲ್ಲಾಪುರ, ಜಾಲ್ನಾ ಕಡೆಯ ಮಿಷನರಿಗಳು ಮಾಡಿ ನೋಡಿದ್ದ ಗಟ್ಟಿ ಪಂಪಿನ ಜಾಡು ಹಿಡಿದು, ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆಯ ಜೊತೆಗೂಡಿ, 1970ರ ದಶಕದ ಕೊನೆಯ ಹೊತ್ತಿಗೆ ಇಂಡಿಯಾ ಮಾರ್ಕ್ 2 ಪಂಪನ್ನು ರೂಪಿಸಿದರು. ಇವತ್ತಿಗೂ ನಮ್ಮ ಊರುಗಳಲ್ಲಿ ನಿಂತಿರುವ ಉದ್ದ ಹಿಡಿಕೆಯ ಪಂಪು ಅದೇ. ಆಗ ಪಂಪು ರಿಪೇರಿ ಮಾಡುತ್ತ ಊರೂರು ತಿರುಗಿದ ಮೆಕ್ಯಾನಿಕ್ಕುಗಳು ಈಗ ಅಜ್ಜಂದಿರು.

ಮೂರನೆಯದು ಸಂಘ. ಮೈರಾಡ ಸಂಸ್ಥೆ 1968ರಲ್ಲಿ ಶುರುವಾದದ್ದು ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲು. ಮುಂದೆ ಅದು ಬಡ ಹಳ್ಳಿಗಳ ಕೆಲಸಕ್ಕೆ ಇಳಿದಾಗ ನಮ್ಮ ಹೊಳಲ್ಕೆರೆಯೂ ಅದರ ನೆಲೆಗಳಲ್ಲಿ ಒಂದಾಯಿತು. 1980ರ ದಶಕದ ನಡುವೆ, ದೊಡ್ಡ ಸಹಕಾರ ಸಂಘಗಳು ಒಡೆದಲ್ಲೆಲ್ಲ ಹದಿನೈದು ಇಪ್ಪತ್ತು ಜನ ಒಬ್ಬರನ್ನೊಬ್ಬರು ನಂಬಿ ಕೂಡಿದ ಚಿಕ್ಕ ಗುಂಪುಗಳು ಉಳಿದುಕೊಂಡದ್ದನ್ನು ಅಲ್ಲಿಯವರು ಗಮನಿಸಿದರು. 1987ರಲ್ಲಿ ನಬಾರ್ಡ್ ಮೈರಾಡಕ್ಕೆ ಹತ್ತು ಲಕ್ಷ ರೂಪಾಯಿ ಕೊಟ್ಟು ಈ ಪ್ರಯೋಗಕ್ಕೆ ಬೆನ್ನು ಕೊಟ್ಟಿತು. 1992ರಲ್ಲಿ ಸಂಘಗಳಿಗೆ ಬ್ಯಾಂಕು ನೇರವಾಗಿ ಸಾಲ ಕೊಡುವ ವ್ಯವಸ್ಥೆ ದೇಶದಲ್ಲೇ ಆರಂಭವಾಯಿತು. ಇವತ್ತು ನಾವು ಸ್ವಸಹಾಯ ಸಂಘ ಅನ್ನುವುದರ ಒಂದು ಮುಖ್ಯ ಬೇರು ನಮ್ಮ ಈ ಒಣ ಸೀಮೆಯಲ್ಲೇ ಇದೆ.

ಅದರ ಹಿಂದೆಯೇ ಜಲಾನಯನ ಬಂತು. ಬ್ರಿಟನ್ ಸರ್ಕಾರದ ನೆರವು ಇಲಾಖೆ ಡಿ.ಎಫ್.ಐ.ಡಿ.ಯ ಹಣದಲ್ಲಿ ಕವಾಡ್ ಎಂಬ ಯೋಜನೆ ಬಳ್ಳಾರಿ, ಬಿಜಾಪುರ, ಚಿತ್ರದುರ್ಗ ಜಿಲ್ಲೆಗಳಲ್ಲಿ ನಡೆಯಿತು. ನಮ್ಮಲ್ಲಿ ಅದು ಕೈಗೆತ್ತಿಕೊಂಡದ್ದು ಮೊಳಕಾಲ್ಮೂರಿನ ಚಿನ್ನಹಗರಿ ಸೀಮೆಯನ್ನು. 2001ರಿಂದ ವಿಶ್ವಬ್ಯಾಂಕ್ ಸಾಲದ ಸುಜಲ ಯೋಜನೆ ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಲ್ಲಿ ನಡೆಯಿತು. ಬದು, ಕೃಷಿಹೊಂಡ, ತಡೆ ಅಣೆ, ಗೋಕಟ್ಟೆ. ಅದರ ಜೊತೆಗೆ ಲೆಕ್ಕವಿಲ್ಲದಷ್ಟು ಸಭೆ, ತರಬೇತಿ, ಪ್ರವಾಸ.

ಈ ಎಲ್ಲ ಯೋಜನೆಗಳಿಗೂ ಜನ ಬೇಕಲ್ಲ. ಪಿ.ಯು.ಸಿ., ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ಇಲ್ಲಿಯ ಹುಡುಗ ಹುಡುಗಿಯರೇ ಸಮುದಾಯ ಸಂಘಟಕರಾದರು, ಕ್ಷೇತ್ರ ಮೇಲ್ವಿಚಾರಕರಾದರು, ಲೆಕ್ಕ ಬರೆಯುವವರಾದರು, ಜೀಪು ಓಡಿಸುವವರಾದರು. ಎಲ್ಲ ಗುತ್ತಿಗೆಯ ಮೇಲೆ. ಯೋಜನೆಗೆ ಆಯುಸ್ಸು ಎಷ್ಟೋ ಕೆಲಸಕ್ಕೂ ಅಷ್ಟೇ. 2003ರಲ್ಲಿ ಕೇಂದ್ರ ಸರ್ಕಾರ ಇನ್ನು ಮುಂದೆ ಕೆಲವೇ ದೇಶಗಳಿಂದ ನೇರ ನೆರವು ಪಡೆಯುವುದಾಗಿ ತೀರ್ಮಾನಿಸಿದಾಗ ಸಣ್ಣ ಪುಟ್ಟ ದೇಶಗಳ ಕಚೇರಿಗಳು ಒಂದೊಂದಾಗಿ ಗಂಟು ಕಟ್ಟಿದವು. 2015ರ ಕೊನೆಗೆ ಬ್ರಿಟನ್ ತನ್ನ ಹಳೆಯ ಮಾದರಿಯ ನೆರವನ್ನು ನಿಲ್ಲಿಸಿತು. 1989ರಲ್ಲಿ ಡಚ್ ನೆರವಿನಿಂದ ಕರ್ನಾಟಕದಲ್ಲೂ ಆರಂಭವಾಗಿದ್ದ ಮಹಿಳಾ ಸಮಖ್ಯ ಯೋಜನೆ 2016ರಲ್ಲಿ ಮುಚ್ಚಿತು. ಇನ್ನು 2025ರ ಜುಲೈ 1ರಂದು ಅಮೆರಿಕದ ಯು.ಎಸ್.ಏಡ್ ಎಂಬ ದೈತ್ಯ ಸಂಸ್ಥೆಯೇ ಬಾಗಿಲು ಹಾಕಿತು. 1961ರಿಂದ ಜಗತ್ತಿನ ಮೂಲೆ ಮೂಲೆಯಲ್ಲಿದ್ದ ಅದರ ಸಾವಿರಾರು ನೌಕರರು ಕೆಲವೇ ತಿಂಗಳಲ್ಲಿ ಮಾಜಿಗಳಾದರು. ಆ ಸುದ್ದಿಯನ್ನು ಕೇಳಿದಾಗ ಹೊಸದುರ್ಗದ ನಮ್ಮ ಗೆಳೆಯರೊಬ್ಬರು ಅಂದದ್ದು ಇಷ್ಟು: "ನಮಗೆ ಆದದ್ದೇ ಅವರಿಗೂ ಆಯ್ತು ಕಣಪ್ಪ. ಅವರದ್ದು ಪೇಪರಿನಲ್ಲಿ ಬಂತು, ನಮ್ಮದು ಬರಲಿಲ್ಲ."

ಯೋಜನೆ ಮುಗಿದ ದಿನ ಏನಾಗುತ್ತದೆ ಗೊತ್ತೆ? ಜೀಪು ಹರಾಜಿಗೆ ಹೋಗುತ್ತದೆ. ಕಂಪ್ಯೂಟರು, ಕುರ್ಚಿ, ಬೀರು ಇಲಾಖೆಗೆ ಹೋಗುತ್ತವೆ. ಕಡತಗಳು ಬೆಂಗಳೂರಿಗೆ ಹೋಗಿ ಅಲ್ಲೊಂದು ಗೋದಾಮಿನಲ್ಲಿ ಕೂರುತ್ತವೆ. ಅಂತಿಮ ವರದಿ ಇಂಗ್ಲಿಷಿನಲ್ಲಿ ಅಚ್ಚಾಗಿ ದಾನಿಗಳ ಕೈ ಸೇರುತ್ತದೆ. ಜನ ಮಾತ್ರ ಚೆಲ್ಲಾಪಿಲ್ಲಿ. ಒಬ್ಬರು ವಿಮೆ ಏಜೆಂಟರಾದರು, ಒಬ್ಬರು ಹಿರಿಯೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟರು, ಒಬ್ಬರು ಗ್ರಾಮ ಪಂಚಾಯಿತಿ ಸದಸ್ಯರಾದರು, ಕೆಲವರು ಬೇರೆ ರಾಜ್ಯದ ಸಂಸ್ಥೆಗಳಿಗೆ ಹೋದರು, ಹಲವರು ಅಪ್ಪನ ಹೊಲಕ್ಕೇ ಮರಳಿದರು. ಅವರ ಜೊತೆಗೆ ಹೋದದ್ದು ಯಾವ ವರದಿಯಲ್ಲೂ ಇಲ್ಲದ ತಿಳುವಳಿಕೆ. ಯಾವ ಊರಲ್ಲಿ ಯಾರ ಮಾತು ನಡೆಯುತ್ತದೆ, ಯಾವ ಹಳ್ಳಕ್ಕೆ ಅಡ್ಡಗಟ್ಟಿದರೆ ಯಾರ ಬಾವಿ ತುಂಬುತ್ತದೆ, ಯಾವ ಸಂಘ ಯಾವ ಕಾರಣಕ್ಕೆ ಒಡೆಯಿತು ಎಂಬಂಥವು.

ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೊಂದು ದಾರಿ ಇದೆ. ವಿಶ್ವಬ್ಯಾಂಕಿನಿಂದ ನಿವೃತ್ತರಾದವರ ಸಂಘಕ್ಕೆ ವಾಷಿಂಗ್ಟನ್ನಿನ ಬ್ಯಾಂಕಿನ ಕಟ್ಟಡದ ನಂಬರನ್ನೇ ಹೆಸರಿಟ್ಟುಕೊಂಡಿದ್ದಾರೆ, 1818 ಸೊಸೈಟಿ ಎಂದು. ವಿಶ್ವಸಂಸ್ಥೆಯ ಮಾಜಿ ನೌಕರರ ಸಂಘಗಳೆಲ್ಲ ಕೂಡಿದ ಒಕ್ಕೂಟ 1975ರಿಂದ ಇದೆ. ಪಿಂಚಣಿ, ವೈದ್ಯವಿಮೆ ಅವರ ಮುಖ್ಯ ವಿಷಯ. ಆ ಹಗ್ಗವೇ ಅವರನ್ನು ಕಟ್ಟಿಟ್ಟಿದೆ. ಯುನಿಸೆಫ್ ಬಿಟ್ಟವರ ಬಳಗವೊಂದಿದೆ. ಅದರ ಸುದ್ದಿ, ಲೇಖನ, ನೆನಪುಗಳನ್ನೆಲ್ಲ ಮಾಜಿ ನೌಕರರೇ ಸಂಬಳವಿಲ್ಲದೆ ಸಂಪಾದಿಸುತ್ತಾರೆ. ನಮಗೆ ಹಿಡಿಸಿದ್ದು ಈ ಕೊನೆಯ ಮಾದರಿ. ನಮಗೆ ಪಿಂಚಣಿ ಇಲ್ಲ, ಪಿ.ಎಫ್. ಕೂಡ ಎಷ್ಟೋ ಜನಕ್ಕೆ ಇರಲಿಲ್ಲ. ಹಾಗಾದರೆ ಕೂಡುವುದಕ್ಕೆ ನಮಗೇನು ಕಾರಣ? ಮಾಡಿದ ಕೆಲಸದ ಲೆಕ್ಕ ನಮ್ಮ ಹತ್ತಿರ ಮಾತ್ರ ಇದೆ, ಅದನ್ನು ಒಪ್ಪಿಸುವ ಜವಾಬ್ದಾರಿಯೂ ನಮ್ಮದೇ ಎನ್ನುವುದು.

ನಮ್ಮ ಬಳಗ ವರ್ಷಕ್ಕೊಮ್ಮೆ ಹಾಲುರಾಮೇಶ್ವರದಲ್ಲಿ ಸೇರುತ್ತದೆ. ಹೊಸದುರ್ಗ ತಾಲ್ಲೂಕಿನ ಗುಡ್ಡಗಾಡಿನ ನಡುವಿನ ಈ ಕ್ಷೇತ್ರ ಈ ಸೀಮೆಯವರಿಗೆಲ್ಲ ಗೊತ್ತು. ಅಲ್ಲಿಯ ಗಂಗೆಯ ಕೊಳದ ಮುಂದೆ ಬೇಡಿಕೊಂಡರೆ ನೀರಿನಿಂದ ಹೂವೋ ಹಣ್ಣೋ ತೇಲಿ ಬಂದು ಫಲ ಹೇಳುತ್ತದೆ ಎಂಬುದು ಭಕ್ತರ ನಂಬಿಕೆ. ಯೋಜನೆಯ ಎರಡನೇ ಹಂತ ಮಂಜೂರಾಗಲಿ ಎಂದು ಅಲ್ಲಿ ಹರಕೆ ಹೊತ್ತವರೂ ನಮ್ಮಲ್ಲಿದ್ದಾರೆ. ಬಾಳೆಹಣ್ಣು ಬಂತಂತೆ, ಎರಡನೇ ಹಂತ ಬರಲಿಲ್ಲ. ಅದೇನೇ ಇರಲಿ, ಆ ಜಾಗವನ್ನು ಆರಿಸಿಕೊಳ್ಳಲು ಕಾರಣ ಸರಳ. ಯಾವ ಸಂಸ್ಥೆಯ ಕಚೇರಿಯೂ ಅಲ್ಲಿ ಇರಲಿಲ್ಲ. ಆದ್ದರಿಂದ ಅಲ್ಲಿ ಯಾರೂ ಯಾರಿಗೂ ಸಾಹೇಬರಲ್ಲ. ಒಂದು ಕಾಲದಲ್ಲಿ ನಮ್ಮ ಪ್ರವಾಸ ಭತ್ಯೆಗೆ ಸಹಿ ಹಾಕುತ್ತಿದ್ದವರೂ ಅಲ್ಲಿ ಮರದಡಿ ಪಂಕ್ತಿಯಲ್ಲಿ ಕೂತು ಮುದ್ದೆ ಉಣ್ಣುತ್ತಾರೆ.

ಪತ್ರಿಕೆ ಅಂದೆ. ಹೆಸರಿಗೆ ಪತ್ರಿಕೆ, ನೋಡಲಿಕ್ಕೆ ನಾಲ್ಕೈದು ಹಾಳೆ ಮಡಿಸಿ ಪಿನ್ನು ಹೊಡೆದದ್ದು. ಮೂರು ತಿಂಗಳಿಗೊಮ್ಮೆ ಅಂತ ಮಾತು. ಬಿತ್ತನೆ, ಮದುವೆ, ಚುನಾವಣೆ ಬಂದರೆ ನಾಲ್ಕೈದು ತಿಂಗಳಾಗುವುದೂ ಉಂಟು. ಮೇಲೆ 'ಖಾಸಗಿ ಪ್ರಸಾರಕ್ಕಾಗಿ' ಎಂದು ಹಾಕುತ್ತೇವೆ. ಖರ್ಚೆಂದರೆ ಜೆರಾಕ್ಸು ಮತ್ತು ಅಂಚೆ. ಕೈಲಾದವರು ಕೊಡುತ್ತಾರೆ, ಕೊಟ್ಟವರ ಪಟ್ಟಿ ಅಚ್ಚು ಮಾಡುವುದಿಲ್ಲ. ಯಾವ ಸಂಸ್ಥೆಯ ಹಣವನ್ನೂ ಮುಟ್ಟುವುದಿಲ್ಲ ಎಂದು ಮೊದಲ ವರ್ಷವೇ ತೀರ್ಮಾನಿಸಿದೆವು. ಹಣ ಕೊಟ್ಟವರಿಗೆ ವರದಿ ಕೊಡಬೇಕು. ಜೀವಮಾನಕ್ಕಾಗುವಷ್ಟು ವರದಿ ಬರೆದಿದ್ದೇವೆ, ಸಾಕು.

ಈಗ ಸಂಪಾದನೆಯ ಕೆಲಸಕ್ಕೆ ಬರುತ್ತೇನೆ. ಇಂಥ ಬಳಗಗಳ ಜೀವ ಇರುವುದು ಅಲ್ಲಿ. ಹೊಸದಾಗಿ ಶುರು ಮಾಡಿದಾಗ ಏನೇನು ಬಂದು ಬೀಳುತ್ತದೆ ಎಂದರೆ, ಮಗಳ ಮದುವೆಯ ಆಹ್ವಾನ, ಮೊಮ್ಮಗನ ರ‍್ಯಾಂಕು, ತೀರಿಕೊಂಡವರ ಭಾವಚಿತ್ರ, ಮತ್ತೆ ವಿದೇಶಿ ಅತಿಥಿಯ ಪಕ್ಕ ಹಾರ ಹಾಕಿಕೊಂಡು ನಿಂತ ಹಳೆಯ ಫೋಟೋ. ಇವುಗಳಿಗೂ ಒಂದು ಪುಟ ಬೇಕು, ಮನುಷ್ಯರು ಕೂಡುವುದೇ ಸುಖದುಃಖಕ್ಕಾಗಿ. ಆದರೆ ಇಡೀ ಪತ್ರಿಕೆ ಅದೇ ಆದರೆ ಎರಡು ವರ್ಷಕ್ಕೆ ಬರೀ ಶ್ರದ್ಧಾಂಜಲಿಯ ಹಾಳೆಯಾಗಿ ಉಳಿಯುತ್ತದೆ. ಹಾಗಾಗಿ ನಾವು ಒಂದು ನಿಯಮ ಮಾಡಿಕೊಂಡೆವು. ಕೆಲಸದ ಬಗ್ಗೆ ಯಾರೇ ಬರೆಯಲಿ, ಕೊನೆಯಲ್ಲಿ ಒಂದು ಪ್ರಶ್ನೆಗೆ ಉತ್ತರ ಇರಲೇಬೇಕು: ಆಮೇಲೆ ಏನಾಯ್ತು?

ಒಂದು ಉದಾಹರಣೆ ಕೊಡುತ್ತೇನೆ. ಗೆಳೆಯರೊಬ್ಬರು ಒಂದು ತಡೆ ಅಣೆಯ ಬಗ್ಗೆ ಬರೆದು ಕಳಿಸಿದರು. ಮೊದಲ ಸಾಲು ಹೀಗಿತ್ತು: "ಸಮುದಾಯದ ಸಕ್ರಿಯ ಸಹಭಾಗಿತ್ವದೊಂದಿಗೆ ತಡೆ ಅಣೆಯ ಕಾಮಗಾರಿಯನ್ನು ಯಶಸ್ವಿಯಾಗಿ ಪೂರ್ಣಗೊಳಿಸಲಾಯಿತು." ಇಪ್ಪತ್ತು ವರ್ಷದ ಹಿಂದೆ ವರದಿಯಲ್ಲಿ ಬರೆದ ಸಾಲು ಕೈಯಲ್ಲೇ ಉಳಿದುಬಿಟ್ಟಿದೆ. ಸಂಪಾದಕಿ ಅವರ ಮನೆಗೇ ಹೋಗಿ ಕೂತರು. ಅಣ್ಣಾ, ಕಲ್ಲು ಹೊತ್ತವರು ಯಾರು? ನೀರು ಯಾರ ಬಾವಿಗೆ ಬಂತು? ಎಷ್ಟು ಮಳೆಗಾಲ ನಿಂತಿತು? ಕಾಫಿ ಲೋಟ ಕೆಳಗಿಟ್ಟು ಅವರು ಹೇಳುತ್ತಾ ಹೋದದ್ದನ್ನು ಈಕೆ ಬರೆದುಕೊಂಡರು. ಅಚ್ಚಾದದ್ದು ಹೀಗೆ: "ಕಲ್ಲು ಹೊತ್ತವರು ಕೇರಿಯ ಕೂಲಿಯವರು. ನೀರು ಏರಿದ್ದು ದಂಡೆಯ ಮೇಲಿನ ಜಮೀನ್ದಾರರ ಬಾವಿಯಲ್ಲಿ. ಮೂರನೇ ಮಳೆಗಾಲಕ್ಕೆ ಹೂಳು ತುಂಬಿತು. ಹೂಳು ತೆಗೆಸುವುದು ಯಾರ ಪಾಲು ಎಂದು ನಡವಳಿಯಲ್ಲಿ ಬರೆದಿರಲಿಲ್ಲ. ಈಗ ಅಲ್ಲಿ ಎಮ್ಮೆ ಮೇಯುತ್ತವೆ." ಈ ಐದು ಸಾಲಿನಲ್ಲಿ ಒಂದು ಹೊಸ ಯೋಜನೆಗೆ ಬೇಕಾಗುವಷ್ಟು ಪಾಠ ಇದೆ. ಅಣ್ಣನಿಗೂ ಖುಷಿಯಾಯಿತು. ಯಾಕೆಂದರೆ ಅದು ಅವರಿಗೆ ಮೊದಲಿನಿಂದ ಗೊತ್ತಿದ್ದದ್ದೇ, ಕೇಳಿದವರು ಇರಲಿಲ್ಲ.

ವಿಷಯ ಒಂದು ಅಣೆಗೆ ನಿಲ್ಲುವುದಿಲ್ಲ. ಕವಾಡ್ ಯೋಜನೆಯವರು 2000ದಲ್ಲಿ ತಮ್ಮ ಮೂರೂ ಸೀಮೆಗಳ ನೀರಿನ ಲೆಕ್ಕ ಹಾಕಿಸಿದರು. ಚಾರ್ಲ್ಸ್ ಬ್ಯಾಚೆಲರ್, ಎಂ.ಎಸ್. ರಾಮಮೋಹನರಾವ್, ಎ.ಜೆ. ಜೇಮ್ಸ್ ಆ ಲೆಕ್ಕ ಮಾಡಿದವರು. ಅದರಲ್ಲಿ ಹೊರಬಿದ್ದ ಸಂಗತಿ ಆಗ ಹಲವರಿಗೆ ಕಹಿಯಾಗಿ ಕಂಡಿತು. ಹಳ್ಳಗಳಿಗೆ ಸಾಲು ಸಾಲಾಗಿ ಅಡ್ಡಗಟ್ಟೆ ಹಾಕಿದರೆ ಮೇಲಿನವರ ಬಾವಿ, ಬೋರುಗಳಿಗೆ ಅನುಕೂಲವೇನೋ ಆಗುತ್ತದೆ, ಆದರೆ ಕೆಳಗಿನ ಕೆರೆಗೆ ಹರಿಯುವ ನೀರು ಕಡಿಮೆಯಾಗುತ್ತದೆ. ಮೇಲೆ ಬಿದ್ದ ಮಳೆ ಅಷ್ಟೇ. ಹಿಡಿದಿಟ್ಟಷ್ಟೂ ಬೋರು ಕೊರೆಯುವವರು ಹೆಚ್ಚುತ್ತಾರೆ, ಒಟ್ಟು ನೀರು ಹೆಚ್ಚುವುದಿಲ್ಲ. ಇಂಗಿಸಿದರೆ ಸಾಕು, ಬರ ಹೋಗುತ್ತದೆ ಎಂದು ಊರೂರಲ್ಲಿ ಹೇಳುತ್ತಿದ್ದ ಕಾಲದಲ್ಲಿ ಬಂದ ಲೆಕ್ಕ ಅದು.

ಇಂಥ ವರದಿ ಬಂದಾಗ ಅದನ್ನು ಓದಿದವರು ಮೇಲಿನವರು. ಊರಿನಲ್ಲಿ ಓಡಾಡುತ್ತಿದ್ದ ಸಂಘಟಕರಿಗೆ ಅದರ ಸಾರ ಕಿವಿಗೆ ಬೀಳುವ ಹೊತ್ತಿಗೆ ಯೋಜನೆಗಳು ಮುಗಿಯತೊಡಗಿದ್ದವು. ನಮ್ಮ ಪತ್ರಿಕೆಯ ಒಂದು ಸಂಚಿಕೆಯನ್ನು ಪೂರ್ತಿ ಈ ವಿಷಯಕ್ಕೇ ಮೀಸಲಿಟ್ಟೆವು. ಬೇರೆ ಬೇರೆ ಯೋಜನೆಗಳಲ್ಲಿ ದುಡಿದವರು ತಮಗೆ ಗೊತ್ತಿರುವ ಒಂದೊಂದು ಕೆರೆಯ ಕಥೆ ಬರೆದರು: ಯಾವ ವರ್ಷ ಕೋಡಿ ಬಿದ್ದಿತ್ತು, ಮೇಲ್ಭಾಗದಲ್ಲಿ ಏನೇನು ಕಟ್ಟಿದರು, ಆಮೇಲೆ ಎಷ್ಟು ಸಲ ತುಂಬಿತು. ಮಳೆಯ ಏರುಪೇರೂ ಇದೆ ಎಂದು ಕೆಲವರು ವಾದಿಸಿದರು, ಅದೂ ಸರಿಯೇ. ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ನೋಡಿ. 1907ರಲ್ಲಿ ಮುಗಿದ ಈ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಕಂಡದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ! ಆ ಸಲ ಭಾರಿ ಮಳೆಯೂ ಬಂತು, ಭದ್ರೆಯ ನೀರಿನ ಬೆಂಬಲವೂ ಇತ್ತು. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಹರಿಯಿತು. ಒಂದೇ ಕಾರಣ ಹೇಳಿ ಕೈತೊಳೆದುಕೊಳ್ಳುವಂತಿಲ್ಲ ಎಂದು ನಮ್ಮ ಆ ಸಂಚಿಕೆಯಲ್ಲೇ ಚರ್ಚೆಯಾಯಿತು. ಸಂಬಳಕ್ಕಿದ್ದಾಗ ಈ ಚರ್ಚೆ ಮಾಡುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕೆ ಇತ್ತು? ಮಾಜಿಗಳಾದ ಮೇಲೆ ಸಿಕ್ಕ ದೊಡ್ಡ ಸವಲತ್ತು ಇದು.

ಇನ್ನೊಂದು ಚರ್ಚೆ ಸಂಘದ ಹಣದ್ದು. ಮೊದಲಿನ ಸಂಘಗಳಲ್ಲಿ ಹೆಂಗಸರು ತಮ್ಮದೇ ಉಳಿತಾಯವನ್ನು ತಮ್ಮೊಳಗೇ ಸಾಲ ಕೊಟ್ಟು, ಬಡ್ಡಿ ಎಷ್ಟು, ಕಂತು ಎಷ್ಟು, ತಪ್ಪಿದರೆ ಏನು ಎಂದು ತಾವೇ ಗೊತ್ತುಮಾಡುತ್ತಿದ್ದರು. ಆಮೇಲೆ ಕಿರುಸಾಲದ ಕಂಪನಿಗಳು ಬಂದು ಬಾಗಿಲಿಗೆ ಸಾಲ ತಂದವು, ಬಾಗಿಲಿಗೇ ವಸೂಲಿಗೂ ಬಂದವು. ಕಿರುಕುಳ ಮಿತಿಮೀರಿ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಆ ದಿನಗಳಲ್ಲಿ ಎಲ್ಲರೂ ಎರಡನ್ನೂ ಸೇರಿಸಿ 'ಸಂಘದ ಸಾಲ' ಎಂದೇ ಮಾತಾಡುತ್ತಿದ್ದರು. ನಮ್ಮ ಬಳಗದ ಅಕ್ಕ ಒಬ್ಬರು, ಹೊಳಲ್ಕೆರೆ ಕಡೆ ಸಂಘ ಕಟ್ಟಿದವರು, ಇದಕ್ಕೆ ಉತ್ತರ ಬರೆದರು. ಬರೆದರು ಅಂದರೆ ಹೇಳಿದರು, ಇನ್ನೊಬ್ಬರು ಬರೆದುಕೊಂಡರು. ಹಳೆಯ ಸಂಘದ ಒಂದು ನಡವಳಿ ಪುಸ್ತಕವನ್ನು ಮುಂದಿಟ್ಟುಕೊಂಡು ಅವರು ತೋರಿಸಿಕೊಟ್ಟರು. ಒಂದು ವಾರ ಬರೀ ಗೈರುಹಾಜರಿಯ ದಂಡದ ಬಗ್ಗೆ ಚರ್ಚೆ. ಇನ್ನೊಂದು ವಾರ ಒಬ್ಬರು ಮೊಮ್ಮಗುವಿನ ಜ್ವರಕ್ಕೆಂದು ಕೇಳಿದ ಸಾಲಕ್ಕೆ ಮೊದಲ ಸರದಿ. ಮುಂದಿನ ಪುಟದಲ್ಲಿ, ಕಂತು ತಪ್ಪಿದವರ ಮನೆಗೆ ಇಬ್ಬರು ಹೋಗಿ ಬಂದ ವಿಷಯ. ಎಮ್ಮೆ ಸತ್ತದ್ದು ತಿಳಿದು ಎರಡು ತಿಂಗಳು ವಾಯಿದೆ ಕೊಟ್ಟರು ಎಂದಿತ್ತು. ಕೊನೆಯಲ್ಲಿ ಹೆಬ್ಬೆಟ್ಟಿನ ಗುರುತುಗಳ ಸಾಲು, ನಡುವೆ ಅಲ್ಲೊಂದು ಇಲ್ಲೊಂದು ಹೊಸದಾಗಿ ಕಲಿತ ಸಹಿ. ಎರಡು ಬಗೆಯ ಸಾಲದ ವ್ಯತ್ಯಾಸ ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಆ ಲೇಖನವನ್ನು ಅಚ್ಚುಮಾಡುವಾಗ ಸಾಲಗಾರರ ಹೆಸರು, ಊರು ಎಲ್ಲ ತೆಗೆದುಹಾಕಿದೆವು. ಇದು ನಮ್ಮ ಎರಡನೆಯ ನಿಯಮ. ಊರಿನವರು ನಮ್ಮನ್ನು ನಂಬಿ ಹೇಳಿದ್ದನ್ನು ನಾವು ಪತ್ರಿಕೆ ತುಂಬಿಸಲು ಬಳಸಬಾರದು. ಮೂರನೆಯ ನಿಯಮ, ಕಂಡವರ ಮಾತಿಗೆ ಮೊದಲ ಜಾಗ. ಮುಖ್ಯಸ್ಥರು ಒಂದು ಬಗೆಯಲ್ಲಿ, ಸ್ಥಳದಲ್ಲಿದ್ದವರು ಇನ್ನೊಂದು ಬಗೆಯಲ್ಲಿ ನೆನಪಿಸಿಕೊಂಡರೆ ಎರಡನ್ನೂ ಅಚ್ಚು ಹಾಕುತ್ತೇವೆ. ನಮ್ಮಲ್ಲಿ ಊರು, ದಾರಿ, ವರ್ಷ ತಾಳೆ ನೋಡುವ ಕೆಲಸ ಒಬ್ಬ ಜೀಪು ಡ್ರೈವರದ್ದು. ಯಾವ ಗುಡ್ಡದ ಯಾವ ಮಗ್ಗುಲಲ್ಲಿ ಯಾವ ಹಟ್ಟಿ ಇದೆ, ಅಲ್ಲಿಗೆ ರಸ್ತೆ ಯಾವಾಗ ಆಯಿತು ಎಂಬುದನ್ನು ಅವರಷ್ಟು ಸರಿಯಾಗಿ ಹೇಳುವವರಿಲ್ಲ. "ಸಾರ್, ಆ ವರ್ಷ ಆ ಊರಿಗೆ ಜೀಪೇ ಹೋಗುತ್ತಿರಲಿಲ್ಲ, ನೀವು ಸಭೆ ಮಾಡಿದ್ದು ಹೇಗೆ?" ಎಂದು ಕೇಳಿ, ಒಂದು ಇಡೀ ಲೇಖನವನ್ನು ವಾಪಸು ಕಳಿಸಿದ ಕೀರ್ತಿ ಅವರದ್ದು.

ಹೆಣ್ಣುಮಕ್ಕಳ ನೆನಪುಗಳನ್ನು ಕೇಳಿ ಪಡೆಯಬೇಕಾಯಿತು. ಗಂಡಸರು ಕಟ್ಟಿದ್ದನ್ನು ಬರೆಯುತ್ತಾರೆ, ಅಣೆ, ಹೊಂಡ, ಕಟ್ಟಡ. ಹೆಂಗಸರ ಬಳಿ ಇದ್ದದ್ದು ಬೇರೆಯದೇ ಲೋಕ. ಸಂಜೆಯ ಸಭೆ ಮುಗಿಸಿ ಕೊನೆಯ ಬಸ್ಸು ತಪ್ಪಿದರೆ ಯಾರ ಮನೆಯಲ್ಲಿ ಮಲಗುವುದು, ಲೂನಾ ಮೇಲೆ ಓಡಾಡುವ ಹುಡುಗಿಯನ್ನು ಊರವರು ಮೊದಲು ಹೇಗೆ ನೋಡಿದರು, ಮನೆಯಲ್ಲಿ ಏನಂದರು, ಸಂಘದ ಹೆಂಗಸರೇ ಹೇಗೆ ಬೆನ್ನಿಗೆ ನಿಂತರು. ಇದೆಲ್ಲ ಬರೆಯುವಂಥ ವಿಷಯವೇ ಎಂದು ಅವರಿಗೇ ಅನುಮಾನವಿತ್ತು. ಈಗ ಮೊದಲು ಆ ಪುಟವನ್ನೇ ತಿರುವುತ್ತೇವೆ.

ಕಷ್ಟಗಳೂ ಇವೆ, ಮುಚ್ಚಿಡುವುದು ಬೇಡ. ಹಳೆಯ ಮೇಲಧಿಕಾರಿಯ ಮೇಲಿನ ಸಿಟ್ಟನ್ನು ಕವನದಲ್ಲಿ ಕಾರಿದವರಿದ್ದಾರೆ. ಬಳಗವನ್ನು ಮೆಟ್ಟಿಲು ಮಾಡಿಕೊಂಡು ಪಂಚಾಯಿತಿ ಚುನಾವಣೆಗೆ ನಿಲ್ಲಲು ಹೊರಟವರಿದ್ದಾರೆ. ಹೊಸ ಸಂಸ್ಥೆ ನೋಂದಾಯಿಸಿ ಯೋಜನೆ ತರೋಣ ಎನ್ನುವ ಆಸೆ ಪ್ರತಿ ವರ್ಷ ಊಟದ ನಂತರ ಮೇಲೇಳುತ್ತದೆ. ಸೊಸೈಟಿ ಕಾಯಿದೆಯಡಿ ನೋಂದಾಯಿಸಿದರೆ ಅಧ್ಯಕ್ಷ ಬೇಕು, ಖಜಾಂಚಿ ಬೇಕು, ವಾರ್ಷಿಕ ಲೆಕ್ಕ ಬೇಕು. ಅಧ್ಯಕ್ಷ ಗಾದಿಗೆ ಎರಡು ಬಣ ತಾನಾಗಿ ಹುಟ್ಟುತ್ತವೆ. ಅದಕ್ಕೇ ನಮಗೆ ಅಧ್ಯಕ್ಷರಿಲ್ಲ. ಇಬ್ಬರು ಸಂಪಾದಕರು ಮಾತ್ರ, ಒಬ್ಬರು ಹೆಣ್ಣು, ಒಬ್ಬರು ಗಂಡು. ಇಬ್ಬರೂ ಒಂದೇ ಸಂಸ್ಥೆಯಿಂದ ಬಂದವರಾಗಿರಕೂಡದು. ಎರಡು ವರ್ಷಕ್ಕೆ ಒಬ್ಬರು ಇಳಿಯುತ್ತಾರೆ, ಇನ್ನೊಬ್ಬರು ಹೊಸಬರಿಗೆ ಕಲಿಸಲು ಇರುತ್ತಾರೆ. ಚೆನ್ನಾಗಿ ಮಾಡುವವರನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ, ಆದರೂ ಇಳಿಸುತ್ತೇವೆ. ಒಬ್ಬರೇ ಹೊತ್ತ ಪತ್ರಿಕೆ ಅವರ ಮಂಡಿನೋವಿನ ಜೊತೆಗೆ ನಿಂತುಹೋಗುತ್ತದೆ.

ಇದೆಲ್ಲ ಹಳಬರ ಹರಟೆ, ಊರಿಗೇನು ಬಂತು ಎಂದು ಕೇಳಬಹುದು. ಒಂದು ಹಳೆಯ ಸಂಗತಿಯಿಂದಲೇ ಉತ್ತರ ಹೇಳುತ್ತೇನೆ. 1980ರ ದಶಕದ ಕೊನೆಯಲ್ಲಿ ಮೈರಾಡದವರು ನಮ್ಮ ಕಡೆ ಒಂದು ಹೊಸ ಪದ್ಧತಿ ತಂದರು. ಊರಿನವರೇ ನೆಲದ ಮೇಲೆ ರಂಗೋಲಿ ಪುಡಿ, ಕಲ್ಲು, ಬೀಜ ಇಟ್ಟು ತಮ್ಮ ಊರಿನ ನಕ್ಷೆ ಬಿಡಿಸುವುದು; ಹೊರಗಿನವರು ಕೂತು ಕಲಿಯುವುದು. ಅದು ಇಲ್ಲಿಂದ ಜಗತ್ತಿನ ಹಲವು ದೇಶಗಳಿಗೆ ಹೋಯಿತು. ಆದರೆ ಅದೇ ಊರಿಗೆ ಬೇರೆ ಯೋಜನೆ ಬಂದಾಗ ಅದೇ ಜನರನ್ನು ಮತ್ತೆ ಕೂರಿಸಿ ಮತ್ತೆ ನಕ್ಷೆ ಬಿಡಿಸಿ ಎಂದರು. ಇನ್ನೊಂದು ಯೋಜನೆ, ಇನ್ನೊಂದು ನಕ್ಷೆ. "ಹೋದ ಸಲ ಬರೆದುಕೊಂಡು ಹೋದದ್ದು ಎಲ್ಲಿ ಸಾಮಿ?" ಎಂದು ಅಜ್ಜಿಯೊಬ್ಬರು ಕೇಳಿದರೆ ಹೊಸ ಹುಡುಗರ ಬಳಿ ಉತ್ತರ ಇರುವುದಿಲ್ಲ. ಯೋಜನೆಗಳು ಒಂದರ ಮುಖ ಒಂದು ನೋಡುವುದಿಲ್ಲ. ಅವುಗಳಲ್ಲಿ ದುಡಿದವರಾದರೂ ಒಬ್ಬರಿಗೊಬ್ಬರು ಹೇಳಿಕೊಂಡರೆ ಊರಿನ ಜನ ಒಂದೇ ಪ್ರಶ್ನೆಗೆ ನಾಲ್ಕು ಸಲ ಉತ್ತರ ಕೊಡುವ ಕಷ್ಟ ತಪ್ಪುತ್ತದೆ. ಈಚೆಗೆ ಕೆಲವು ಹೊಸ ಸಂಘಟಕರು ಕೆಲಸಕ್ಕೆ ಸೇರಿದ ಕೂಡಲೇ ನಮ್ಮ ಹಳೆಯ ಸಂಚಿಕೆಗಳನ್ನು ಕೇಳಿ ಪಡೆಯುತ್ತಿದ್ದಾರೆ. ಪತ್ರಿಕೆ ನಡೆಸಿದ್ದಕ್ಕೆ ಸಿಕ್ಕ ಸಂಬಳ ಅಂತ ಇದ್ದರೆ ಅದು.

ಕೇಳುತ್ತಿರುವವರಲ್ಲಿ ಯಾವುದೋ ಯೋಜನೆಯಲ್ಲಿ ದುಡಿದು ಬಿಟ್ಟವರು ಇದ್ದರೆ ನಿಮಗೊಂದು ಮಾತು. ಅಟ್ಟದ ಮೇಲಿರುವ ಫೀಲ್ಡ್ ಡೈರಿಯನ್ನು ಹಳೇ ಪೇಪರಿನವರಿಗೆ ಹಾಕಬೇಡಿ. ನಿಮ್ಮ ತಾಲ್ಲೂಕಿನ ನಾಲ್ಕು ಜನ ಹಳಬರನ್ನು ಹುಡುಕಿ ಒಂದು ಭಾನುವಾರ ಕೂಡಿ. ಹಣ ಬೇಡ, ಕಟ್ಟಡ ಬೇಡ, ಬ್ಯಾನರು ಬೇಡ. ಒಬ್ಬರು ಹೇಳಲಿ, ಒಬ್ಬರು ಬರೆಯಲಿ, ಒಬ್ಬರು ತಪ್ಪು ಹಿಡಿಯಲಿ.

ಇನ್ನು, ಈಗಷ್ಟೇ ಕೆಲಸಕ್ಕೆ ಸೇರಿರುವ ತಮ್ಮ ತಂಗಿಯರಿಗೆ. ನಿಮ್ಮ ಯೋಜನೆಯೂ ಒಂದು ದಿನ ಮುಗಿಯುತ್ತದೆ, ಆದೇಶ ಬರುವುದು ಶುಕ್ರವಾರ ಸಂಜೆ. ಅದಕ್ಕೆ ಕಾಯಬೇಡಿ. ನೀವು ಹೋಗುವ ಊರುಗಳಲ್ಲಿ ನಿಮಗಿಂತ ಮೊದಲು ಯಾರು ಬಂದಿದ್ದರು ಎಂದು ಊರವರನ್ನು ಕೇಳಿ, ಅವರನ್ನು ಹುಡುಕಿಕೊಂಡು ಹೋಗಿ, ಅವರು ಕಟ್ಟಿಸಿದ್ದು ಏನಾಗಿದೆ ಎಂದು ಜೊತೆಗೆ ನಿಂತು ನೋಡಿ. ಆಮೇಲೆ ನಿಮ್ಮ ಸಲಿಕೆಯ ಕೆಲಸ ಶುರುವಾಗಲಿ.